ಬೇಲಿಯಾಚೆ ಕೊಟ್ಟ ಹತ್ತು ಪ್ರಶ್ನೆ

ನೆದರ್‌ಲ್ಯಾಂಡ್ಸಿನ ಟಿಲ್‌ಬರ್ಗ್‌ನಿಂದ ಬಸ್ಸಿನಲ್ಲಿ ನಲವತ್ತು ನಿಮಿಷ ದೂರದ ಆ ಹಳ್ಳಿಯ ಹೈಸ್ಕೂಲಿನಲ್ಲಿ ಇದ್ದದ್ದು ಒಟ್ಟು ಒಂಬತ್ತು ವೋಲ್ಟ್‌ಮೀಟರ್. ಅವುಗಳಲ್ಲಿ ಎರಡು ಸುಳ್ಳು ಹೇಳುತ್ತಿದ್ದವು. ಯಾವ ಎರಡು ಎನ್ನುವುದು ನನಗೂ ಫಿಸಿಕ್ಸ್ ಮೇಷ್ಟ್ರಿಗೂ ಮಾತ್ರ ಗೊತ್ತಿತ್ತು. ನಾನು ಅಲ್ಲಿ ಲ್ಯಾಬ್ ಸಹಾಯಕಿ. ಮಕ್ಕಳು ಪ್ರಯೋಗ ಮಾಡುವ ಮೊದಲು ಎಲ್ಲವನ್ನೂ ಜೋಡಿಸಿಡುವುದು, ಮಾಡಿದ ಮೇಲೆ ಎತ್ತಿಡುವುದು, ಒಡೆದದ್ದನ್ನು ಗುಡಿಸುವುದು, ಮೇಷ್ಟ್ರು ಕೊಟ್ಟ ಕಾಗದಗಳನ್ನು ಜೆರಾಕ್ಸ್ ಮಾಡುವುದು. ವಾರಕ್ಕೆ ಮೂರು ದಿನದ ಕೆಲಸ.

ಆ ಶಾಲೆಯನ್ನು ನಾನು ಮೊದಲ ದಿನದಿಂದಲೇ ಹಚ್ಚಿಕೊಂಡೆ. ಹಿಂದೆ ಹಸುಗಳ ಹುಲ್ಲುಗಾವಲು, ಮುಂದೆ ಸೈಕಲ್ ನಿಲ್ಲಿಸುವ ತಗಡಿನ ಚಪ್ಪರ. ಹೊಲಗಳಿಗೆ ಸಗಣಿ ನೀರು ಬಿಡುವ ದಿನಗಳಲ್ಲಿ ಕಿಟಕಿ ಮುಚ್ಚಿಯೇ ಪಾಠ. ಇದ್ದ ಒಂದೇ ಲ್ಯಾಬನ್ನು ಅಡುಗೆ ತರಗತಿಯ ಜೊತೆ ಹಂಚಿಕೊಂಡಿದ್ದೆವು. ಎಷ್ಟೋ ಸಲ ಬರ್ನರ್‌ಗಳ ಪಕ್ಕದಲ್ಲೇ ಸೇಬಿನ ಕೇಕು ಆರುತ್ತಿರುತ್ತಿತ್ತು. ಪಟ್ಟಣದ ದೊಡ್ಡ ಶಾಲೆಯವರು ನಮ್ಮದನ್ನು ಕೊಟ್ಟಿಗೆ ಶಾಲೆ ಎಂದು ಆಡಿಕೊಳ್ಳುತ್ತಿದ್ದರು. ಅದನ್ನು ಕೇಳಿದಾಗಲೆಲ್ಲ ನನಗೆ ಮೈಯೆಲ್ಲ ಉರಿಯುತ್ತಿತ್ತು. ನಮ್ಮ ಮಕ್ಕಳು ಟ್ರ್ಯಾಕ್ಟರಿನ ಎಂಜಿನ್ ಬಿಚ್ಚಿ ಜೋಡಿಸುತ್ತಿದ್ದರು, ಈಯಲು ಬಂದ ಹಸುವಿನ ಪಕ್ಕ ಕೂತು ಬೆಳಗು ಮಾಡಿ ಕ್ಲಾಸಿಗೆ ಬರುತ್ತಿದ್ದರು. ಒಂದು ಸೂತ್ರ ಬರೆದು ತೋರಿಸಿ ಅಂದರೆ ಮಾತ್ರ ಬೆವರುತ್ತಿದ್ದರು. ಆ ಶಾಲೆಯಲ್ಲಿ ಓದು ಕರ್ನಾಟಕದ ಹತ್ತನೇ ಕ್ಲಾಸಿನ ಮಟ್ಟಕ್ಕೆ ಮುಗಿಯುತ್ತಿತ್ತು. ಮುಂದೆ ಓದುವವರು ಅದೇ ಪಟ್ಟಣದ ಶಾಲೆಗೆ ಹೋಗಬೇಕು, ಅವರೋ ಅಂಕ ನೋಡದೆ ಬಾಗಿಲು ತೆಗೆಯುವವರಲ್ಲ.

ಫಿಸಿಕ್ಸ್ ಮೇಷ್ಟ್ರು ಬಾಗಿಲಿಗೆ ತಲೆ ತಾಗುವಷ್ಟು ಎತ್ತರದ ಮನುಷ್ಯ. ಹತ್ತೂವರೆಗೆ ಸರಿಯಾಗಿ ಒಂದು ದೊಡ್ಡ ಲೋಟ ಮಜ್ಜಿಗೆ ಕುಡಿಯುತ್ತಿದ್ದರು, ಉಪ್ಪಿಲ್ಲ, ಇಂಗಿಲ್ಲ, ಸಪ್ಪೆ ಸಪ್ಪೆ. ಅಲ್ಲಿ ಕೆಲಸ ಮಾಡುವವರೆಲ್ಲ ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆಯುತ್ತಾರೆ. ಅವರ ವಿಷಯದಲ್ಲಿ ನನಗೆ ಬಾಯೇ ಬರಲಿಲ್ಲ. ಡಚ್ಚಿನಲ್ಲೇ ಮಾತಾಡುತ್ತಾ ಕೊನೆಗೊಂದು 'ಸರ್' ಸೇರಿಸುತ್ತಿದ್ದೆ, ಅವರು ಪ್ರತಿ ಸಲವೂ ನಗುತ್ತಿದ್ದರು. ಅದೇ ಶಾಲೆಯಲ್ಲಿ ಕೂದಲು ನರೆಸಿಕೊಂಡವರು. ತಾವು ಕೊಟ್ಟ ಒಂದೊಂದು ಪರೀಕ್ಷೆಯ ಪ್ರಶ್ನೆಪತ್ರಿಕೆಯನ್ನೂ ನೀಲಿ ಫೈಲುಗಳಲ್ಲಿ ವರ್ಷವಾರು ಇಟ್ಟಿದ್ದರು. ಕಪಾಟಿಗೆ ಬೀಗ ಇರಲಿಲ್ಲ. "ಮಕ್ಕಳಿಗೆ ಅಭ್ಯಾಸಕ್ಕೆ ಬೇಕಾದರೆ ಯಾವುದನ್ನಾದರೂ ತಗೊಳ್ಳಿ" ಎಂದು ಅವರೇ ಹೇಳಿದ್ದರು.

ನಮ್ಮ ಪಕ್ಕದ ಮನೆಯಲ್ಲಿ ಮೈಸೂರಿನ ಒಂದು ಸಂಸಾರವಿತ್ತು. ಆ ಹಳ್ಳಿಯಲ್ಲಿ ಕನ್ನಡದ ಮನೆ ಎಂದರೆ ನಮ್ಮೆರಡೇ. ಎರಡೂ ಮನೆಯ ಗಂಡಸರಿಗೆ ಟಿಲ್‌ಬರ್ಗ್‌ನ ಒಂದೇ ಗೋದಾಮು ಕಂಪನಿಯಲ್ಲಿ ಕಂಪ್ಯೂಟರ್ ಕೆಲಸ. ಆ ಮನೆಯ ಹುಡುಗಿ ನಮ್ಮ ಶಾಲೆಯಲ್ಲಿ ಕೊನೆಯ ವರ್ಷದಲ್ಲಿದ್ದಳು. ಹನ್ನೆರಡನೇ ವಯಸ್ಸಿಗೆ ಬಂದು, ಒಂದು ವರ್ಷ ಬರೀ ಭಾಷೆ ಕಲಿತು, ಆಮೇಲೆ ಇಲ್ಲಿಗೆ ಸೇರಿದವಳು. ಶಾಲೆಯಲ್ಲಿ ನನ್ನನ್ನು ಮಿಕ್ಕ ಮಕ್ಕಳಂತೆ 'ಮೆವ್ರೌ', ಅಂದರೆ ಮೇಡಂ, ಎಂದು ಮರ್ಯಾದೆಯಿಂದ ಕರೆಯುವಳು, ಮನೆಗೆ ಬಂದರೆ ಆಂಟಿ. ನನ್ನ ಹಾವೇರಿ ಕಡೆಯ ಮಾತನ್ನು ಅಣಕಿಸುವುದರಲ್ಲಿ ಎತ್ತಿದ ಕೈ. ಅವಳಿಗೊಂದು ವಿಚಿತ್ರ ಹುಚ್ಚಿತ್ತು. ಕಾಲುವೆಯ ಮೇಲಿನ ನೀರಿನ ಬಾಗಿಲುಗಳನ್ನು, ಅಂದರೆ ದೋಣಿಗಳನ್ನು ಮೇಲಕ್ಕೆ ಹತ್ತಿಸಿ ಕೆಳಕ್ಕೆ ಇಳಿಸುವ ಆ ತೂಬುಗಳನ್ನು, ಗಂಟೆಗಟ್ಟಲೆ ನಿಂತು ನೋಡುವಳು. ಮುಂದೆ ಅಂಥವನ್ನೇ ಕಟ್ಟಬೇಕು ಎನ್ನುವಳು. ಅದಕ್ಕೆ ಪಟ್ಟಣದ ಶಾಲೆಯ ವಿಜ್ಞಾನದ ಗುಂಪು ಸಿಗಬೇಕಿತ್ತು.

ಕೊರೊನಾದ ಮೊದಲ ವಸಂತದಲ್ಲಿ ಶಾಲೆಗಳು ಮುಚ್ಚಿದವು. ಕೆಲವೇ ದಿನಗಳಲ್ಲಿ ದೇಶಕ್ಕೆಲ್ಲ ಒಂದೇ ಆಗಿ ನಡೆಯುವ ಕೊನೆಯ ಪರೀಕ್ಷೆಯೂ ರದ್ದಾಯಿತು. ಶಾಲೆಯಲ್ಲಿ ಅಲ್ಲಿಯವರೆಗೆ ಬಂದ ಅಂಕಗಳೇ ಕೊನೆಯವು, ಕಮ್ಮಿ ಬಂದವರಿಗೆ ಸುಧಾರಿಸಿಕೊಳ್ಳಲು ಇನ್ನೊಂದು ಪರೀಕ್ಷೆ, ಅದನ್ನು ಆಯಾ ಶಾಲೆಯ ಮೇಷ್ಟ್ರೇ ಬರೆಯಬೇಕು ಎಂದಾಯಿತು. ಹುಡುಗಿಗೆ ಮಿಕ್ಕದ್ದರಲ್ಲೆಲ್ಲ ಚೆನ್ನಾಗಿತ್ತು, ಫಿಸಿಕ್ಸ್‌ನಲ್ಲಿ ಮಾತ್ರ ಹತ್ತಕ್ಕೆ ಐದು ಚಿಲ್ಲರೆ. ಈ ಸುಧಾರಣೆಯ ಪರೀಕ್ಷೆಯಲ್ಲಿ ಆರು ಬಂದರೆ ವಿಜ್ಞಾನ, ಇಲ್ಲದಿದ್ದರೆ ಇಲ್ಲ ಎಂದು ಪಟ್ಟಣದ ಶಾಲೆ ಪತ್ರ ಬರೆದಿತ್ತು. ಅವಳು ಆ ಪತ್ರವನ್ನು ಬೇಲಿಯ ಮೇಲಿಂದ ನನಗೆ ತೋರಿಸಿದಳು, ಮುಖ ಬಾಡಿಹೋಗಿತ್ತು.

"ಆಂಟಿ, ನೀವು ಹೇಳ್ಕೊಡ್ತೀರಾ?"

"ಹೇಳಿಕೊಡದಽ ಬಿಡ್ತೀನೇನು? ನಾಳಿಂದ ನಾಕಕ್ಕ ಬಂದು ಕೂಡು."

ಒಬ್ಬರ ಮನೆಗೆ ಒಬ್ಬರು ಹೋಗುವ ಹಾಗಿರಲಿಲ್ಲ. ಅವಳ ಕುರ್ಚಿ ಅವರ ಹಿತ್ತಿಲಲ್ಲಿ, ನನ್ನದು ನಮ್ಮ ಹಿತ್ತಿಲಲ್ಲಿ, ನಡುವೆ ಸೊಂಟದ ಎತ್ತರದ ಮರದ ಬೇಲಿ. ಹಳೆಯ ಕ್ಯಾಲೆಂಡರುಗಳ ಬೆನ್ನೇ ನನ್ನ ಬೋರ್ಡು. ಬಟ್ಟೆ ಒಣಹಾಕುವ ತಂತಿಗೆ ಅವನ್ನು ಕ್ಲಿಪ್ಪು ಹಾಕಿ ನೇತುಬಿಟ್ಟು ಪಾಠ ಮಾಡಿದೆ. ಆರು ವರ್ಷ ಮಾಡಿದ ಕೆಲಸ ಅದು, ಬಿಟ್ಟು ಬಂದು ಎಷ್ಟು ಹಂಬಲಿಸಿದ್ದೆನೆಂದು ಆ ಹಿತ್ತಿಲಲ್ಲಿ ನಿಂತಾಗಲೇ ನನಗೂ ಗೊತ್ತಾದದ್ದು.

ಆ ಆರು ವರ್ಷದ ಬಗ್ಗೆ ಸ್ವಲ್ಪ ಹೇಳಬೇಕು. ಹಾವೇರಿ ಜಿಲ್ಲೆಯ ಒಂದು ಹಳ್ಳಿಯ ಹೈಸ್ಕೂಲು. ಲ್ಯಾಬ್ ಎಂದರೆ ಒಂದು ಕಬ್ಬಿಣದ ಬೀರು, ಅದರ ಕೀಲಿ ಹೆಡ್‌ಮಾಸ್ತರರ ಜನಿವಾರದಲ್ಲಿ. ಇನ್‌ಸ್ಪೆಕ್ಟರು ಬಂದ ದಿನ ಮಾತ್ರ ಪ್ರನಾಳಗಳು ಹೊರಗಿನ ಬೆಳಕು ಕಾಣುತ್ತಿದ್ದವು. ಇಂಥ ಕಡೆ ಎಸ್ಸೆಸ್ಸೆಲ್ಸಿ ಮಕ್ಕಳನ್ನು ದಡ ಹತ್ತಿಸಲು ನಮಗಿದ್ದದ್ದು ಒಂದೇ ಉಪಾಯ, ಇಂಪಾರ್ಟೆಂಟ್ ಪ್ರಶ್ನೆ. ಹತ್ತು ವರ್ಷದ ಪತ್ರಿಕೆಗಳನ್ನು ಹರಡಿಕೊಂಡು ಯಾವ ಪ್ರಶ್ನೆ ಯಾವ ವರ್ಷ ಬಂತು ಎಂದು ಗೆರೆ ಹೊಡೆದು ಗುರುತು ಹಾಕುವುದು, ಈ ಸಲ ಯಾವುದರ ಸರದಿ ಎಂದು ಲೆಕ್ಕ ಹಾಕುವುದು, ಅಷ್ಟನ್ನೇ ಮಕ್ಕಳಿಗೆ ಅರೆದು ಕುಡಿಸುವುದು. ಅದರಲ್ಲಿ ನನ್ನ ಕೈ ಎಂಥದು ಎಂದರೆ ಪಕ್ಕದೂರಿನ ಮಾಸ್ತರರೂ ಫೆಬ್ರವರಿಯಲ್ಲಿ ಫೋನು ಮಾಡಿ, "ಮೇಡಂ, ಈ ಸಲ ಲೆನ್ಸೋ ಕನ್ನಡಿಯೋ?" ಎಂದು ಕೇಳುತ್ತಿದ್ದರು. ನನಗೆ ಅದರ ಬಗ್ಗೆ ಹೆಮ್ಮೆ ಇತ್ತು. ಈಗಲೂ ಪೂರ್ತಿ ಹೋಗಿಲ್ಲ, ಸುಳ್ಳು ಯಾಕೆ ಹೇಳಲಿ.

ಬೇಲಿಯ ಪಾಠ ಒಂದು ವಾರ ನಡೆದ ಮೇಲೂ ಹುಡುಗಿ ಒಂದು ಲೆಕ್ಕ ಸರಿ ಮಾಡಿದರೆ ಎರಡು ತಪ್ಪುತ್ತಿದ್ದಳು. ನನಗೆ ಹೆದರಿಕೆಯಾಯಿತು. ಮಕ್ಕಳಿಗೆ ಮುಚ್ಚಿದ್ದರೂ ಶಾಲೆ ಸಿಬ್ಬಂದಿಗೆ ತೆರೆದಿತ್ತು, ಮರುದಿನ ಹೋದವಳು ಆ ನೀಲಿ ಫೈಲುಗಳನ್ನೆಲ್ಲ ಹರಡಿಕೊಂಡು ಕೂತೆ. ಗೆರೆಯ ನೋಟುಬುಕ್ಕಿನಲ್ಲಿ ಉದ್ದಕ್ಕೆ ವರ್ಷ, ಅಡ್ಡಕ್ಕೆ ಪ್ರಶ್ನೆ. ಮಧ್ಯಾಹ್ನದ ಹೊತ್ತಿಗೆ ಮೇಷ್ಟ್ರು ಪೂರ್ತಿ ಬಯಲಾದರು. ರಸ್ತೆಗೆ ಅಡ್ಡ ಬಂದ ಬಾತುಕೋಳಿಗಾಗಿ ಬ್ರೇಕ್ ಹಾಕುವ ಸೈಕಲ್ಲಿನವಳು, ಚಹದ ನೀರು ಎಷ್ಟು ನಿಮಿಷಕ್ಕೆ ಕುದಿಯುತ್ತದೆ, ಕೊಟ್ಟಿಗೆಯಲ್ಲಿ ಮೂರು ಬಲ್ಬು, ಕ್ರೇನು ಎತ್ತುವ ದೋಣಿ. ಅಯ್ಯೋ ಪಾಪ, ತಿರುಗಿಸಿ ತಿರುಗಿಸಿ ಅವೇ. ಹತ್ತು ಪ್ರಶ್ನೆ ಆರಿಸಿದೆ, ಉತ್ತರ ಬರೆದೆ, ನಾಲ್ಕು ಗಂಟೆಗೆ ಬೇಲಿಯ ಮೇಲಿಂದ ಕೊಟ್ಟೆ.

"ಇದಿಷ್ಟು ಬಾಯಿಪಾಠ ಆಗ್ಬೇಕು. ಬಾಕೀದು ಮುಟ್ಟಬ್ಯಾಡ."

ಅವಳು ಹಾಳೆ ತಿರುಗಿಸಿ ನೋಡಿದಳು. "ಆಂಟಿ, ಇದು ಚೀಟಿಂಗ್ ಥರ ಅಲ್ವಾ?"

"ಏ ಹುಚ್ಚಿ, ಹಳೇ ಪೇಪರ್ ನೋಡೂದು ಯಾವಾಗಿಂದ ಚೀಟಿಂಗ್ ಆತು? ಕೂತು ಓದು."

ಪರೀಕ್ಷೆ ಬರೆಯುವವರು ಶಾಲೆಯಲ್ಲಿ ಒಟ್ಟು ನಾಲ್ವರು. ಜಿಮ್ ಹಾಲಿನಲ್ಲಿ ದೂರ ದೂರ ಕೂರಿಸಿ ಬರೆಸಿದರು. ಮಧ್ಯಾಹ್ನ ಹುಡುಗಿ ಸೈಕಲ್ ನಿಲ್ಲಿಸದೆ ಹಿತ್ತಿಲಿಗೇ ನುಗ್ಗಿ, "ಆಂಟಿ, ನಿಮ್ಮ ಲಿಸ್ಟಿಂದು ಆರು ಪ್ರಶ್ನೆ ಬಂತು! ಹತ್ತರಲ್ಲಿ ಆರು! ಬಾತುಕೋಳಿನೂ ಬಂತು!" ಎಂದು ಕುಣಿದಳು. ಎರಡು ದಿನಕ್ಕೆ ಅಂಕ ಬಂತು, ಹತ್ತಕ್ಕೆ ಒಂಬತ್ತೂಕಾಲು. ಆ ದೇಶದಲ್ಲಿ ಎಂಟು ಬಂದರೆ ಮನೆಗೆ ಕೇಕು ತರುತ್ತಾರೆ, ಒಂಬತ್ತನ್ನು ಜನ ನೋಡಿಯೇ ಇರುವುದಿಲ್ಲ. ನಾನು ಕೇಸರಿಬಾತು ಮಾಡಿ ಬೇಲಿಯಾಚೆ ಡಬ್ಬಿ ದಾಟಿಸಿದೆ. ನಮ್ಮ ಮನೆಯವರು ಬೆಳಗಿನಿಂದ ನನ್ನನ್ನೇ ನೋಡುತ್ತಿದ್ದವರು, "ನಿನ್ನ ಕಾಲು ನೆಲದ ಮ್ಯಾಲ ಇಲ್ಲ ಬಿಡು ಇವತ್ತು" ಎಂದು ನಕ್ಕರು.

ಮರುದಿನ ಶಾಲೆಯ ಮುಖ್ಯಸ್ಥೆಯಿಂದ ಎರಡು ಸಾಲಿನ ಮೇಲ್ ಬಂತು, ನಾಳೆ ಹತ್ತಕ್ಕೆ ಬನ್ನಿ ಎಂದು. ವಿಚಾರಿಸಿದರೆ ಆಗಿದ್ದಿಷ್ಟು: ಮೇಷ್ಟ್ರು ಹುಡುಗಿಗೆ ಫೋನು ಮಾಡಿ ಹೊಗಳಿ, ಹೇಗೆ ಓದಿದೆ ಎಂದು ಕೇಳಿದ್ದಾರೆ. ಅವಳು ಹೆಮ್ಮೆಯಿಂದ, "ಬರುವ ಪ್ರಶ್ನೆಗಳನ್ನು ಮೆವ್ರೌ ಮೊದಲೇ ಕೊಟ್ಟಿದ್ದರು" ಎಂದಿದ್ದಾಳೆ. ಪ್ರಶ್ನೆಪತ್ರಿಕೆ ಇಟ್ಟ ಕೋಣೆಯ ಕೀಲಿಗಳಲ್ಲಿ ಒಂದು ನನ್ನ ಗೊಂಚಲಿನಲ್ಲಿತ್ತು. ಕೆಲಸ ಹೋದರೆ ಹೋಗಲಿ, ಪೇಪರ್ ಕದ್ದು ಪಾಸಾದವಳು ಎಂಬ ಮಾತು ಆ ಹುಡುಗಿಯ ಜೊತೆ ಪಟ್ಟಣದ ಶಾಲೆಯವರೆಗೆ ಹೋದರೆ ಅವಳ ಗತಿಯೇನು ಎಂದು ರಾತ್ರಿಯೇ ಗೆರೆಯ ನೋಟುಬುಕ್ಕನ್ನು ಚೀಲಕ್ಕೆ ಹಾಕಿಟ್ಟೆ.

ಜಿಮ್ ಹಾಲಿನಲ್ಲಿ ದೂರದೂರಕ್ಕೆ ಮೂರು ಕುರ್ಚಿ. ಮುಖ್ಯಸ್ಥೆ, ಮೇಷ್ಟ್ರು, ನಾನು. ಅಲ್ಲಿನವರಿಗೆ ಸುತ್ತಿಬಳಸಿ ಮಾತಾಡಿ ಗೊತ್ತಿಲ್ಲ. ಆಕೆ ನೇರವಾಗಿ, "ಪರೀಕ್ಷೆಗೆ ಮೊದಲು ನೀವು ಪ್ರಶ್ನೆಪತ್ರಿಕೆಯ ಲಕೋಟೆ ತೆರೆದಿರಾ?" ಎಂದು ಕೇಳಿದರು.

ನನಗೆ ಸಿಟ್ಟು ಬಂದರೆ ಬೇರೆ ಭಾಷೆ ಬರುವುದಿಲ್ಲ. "ಥೂ! ನಾ ಏನ್ ಕಳ್ಳಿ ಇದ್ದಂಗ ಕಾಣ್ತೀನೇನ್ರಿ ನಿಮಗ?" ಎಂದು ಎದ್ದು ನಿಂತೆ. ಇಬ್ಬರೂ ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ಆಮೇಲೆ ಉಸಿರು ತಗೊಂಡು ಡಚ್ಚಿಗೆ ಬಂದೆ, ಚೀಲದಿಂದ ಗೆರೆಯ ನೋಟುಬುಕ್ಕು ತೆಗೆದು ನಡುವಿನ ನೆಲದ ಮೇಲಿಟ್ಟು ಹಿಂದೆ ಸರಿದೆ. ಮೇಷ್ಟ್ರು ಬಂದು ಎತ್ತಿಕೊಂಡರು. ವರ್ಷಗಳ ಮೇಲೆ ಬೆರಳಾಡಿಸುತ್ತಾ ಒಂದೊಂದೇ ಸಾಲು ಓದಿದರು. ಅವರ ಕಿವಿ ಕೆಂಪಾಗುತ್ತಾ ಹೋಯಿತು.

"ಬಾತುಕೋಳಿ ಏಳು ಸಲ ಬಂದಿದೆಯಾ?"

"ಎಂಟು ಸಲ ಸರ್. ಒಂದು ವರ್ಷ ಬಾತುಕೋಳಿ ಬದಲು ಮೊಲ ಹಾಕಿದ್ದೀರಿ."

ಮುಖ್ಯಸ್ಥೆಗೆ ನಗು ತಡೆಯಲಾಗಲಿಲ್ಲ. ಮೇಷ್ಟ್ರೂ ನಕ್ಕರು. ನಾನು ಗೆದ್ದೆ ಎಂದುಕೊಂಡು ಕುರ್ಚಿಯಲ್ಲಿ ಕೂತೆ. ಅವರು ಪುಸ್ತಕ ಮುಚ್ಚಿ ಮೊಣಕಾಲ ಮೇಲಿಟ್ಟುಕೊಂಡು, "ನೀವು ಏನೂ ಕದ್ದಿಲ್ಲ, ಅದು ಸ್ಪಷ್ಟ. ಸೋಮಾರಿತನ ನನ್ನದು" ಎಂದರು. ಆಮೇಲೆ ಅದೇ ಮೆಲುದನಿಯಲ್ಲಿ, "ಈ ಪಟ್ಟಿಯನ್ನು ಉಳಿದ ಮೂವರಿಗೆ ಕೊಟ್ಟಿರಾ?" ಎಂದು ಕೇಳಿದರು.

ಹಾವೇರಿಯಲ್ಲಿ ಇಂಪಾರ್ಟೆಂಟ್ ಪ್ರಶ್ನೆಗಳನ್ನು ನಾನು ಬೋರ್ಡಿನ ಮೇಲೆ ಬರೆಯುತ್ತಿದ್ದೆ, ಕೊನೆಯ ಬೆಂಚಿಗೂ ಕಾಣುವಷ್ಟು ದೊಡ್ಡ ಅಕ್ಷರದಲ್ಲಿ. ಇಲ್ಲಿ ಒಂದು ಹಾಳೆಯನ್ನು ಬೇಲಿಯ ಮೇಲಿಂದ ಒಬ್ಬಳಿಗೆ ಕೊಟ್ಟಿದ್ದೆ, ನಮ್ಮವಳು ಎಂದು. ಆ ಮೂವರೂ ನಾನು ವಾರ ವಾರವೂ ಲ್ಯಾಬಿನಲ್ಲಿ ನೋಡುತ್ತಿದ್ದ ಮಕ್ಕಳೇ. ಅವರಲ್ಲಿ ಒಬ್ಬಳು ನನ್ನ ಸೈಕಲ್ಲಿನ ಚೈನು ಮೂರು ಸಲ ಹಾಕಿಕೊಟ್ಟವಳು. ಕೊಟ್ಟಿಗೆ ಶಾಲೆ ಎಂದವರ ಮೇಲೆ ಉರಿದು ಬೀಳುತ್ತಿದ್ದ ನನಗೆ ಆ ಮಕ್ಕಳ ನೆನಪೇ ಆಗಿರಲಿಲ್ಲ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. "ಇಲ್ಲ ಸರ್" ಎಂದೆ.

ಎರಡು ವಾರ ಬಿಟ್ಟು ನಾಲ್ವರಿಗೂ ಹೊಸ ಪರೀಕ್ಷೆ ಎಂದು ತೀರ್ಮಾನವಾಯಿತು. ಒಂಬತ್ತೂಕಾಲು ರದ್ದು. ಹೊಸದರಲ್ಲಿ ಬಂದದ್ದೇ ಪಟ್ಟಣದ ಶಾಲೆಗೆ ಹೋಗುತ್ತದೆ. ಅದನ್ನು ಹುಡುಗಿಗೆ ನಾನೇ ಹೇಳುತ್ತೇನೆ ಎಂದು ಕೇಳಿಕೊಂಡೆ. ಸಂಜೆ ಬೇಲಿಯ ಹತ್ತಿರ ನಿಂತು ಎಲ್ಲವನ್ನೂ ಹೇಳಿದೆ, ಮೂವರ ವಿಷಯವನ್ನೂ ಮುಚ್ಚಿಡಲಿಲ್ಲ. ಅವಳು ಅಳಲಿಲ್ಲ, ಕೂಗಾಡಲಿಲ್ಲ. ಬೇಲಿಯ ಹಲಗೆಯ ಒಂದು ಸಿಬಿರನ್ನು ಕೀಳುತ್ತಾ ನಿಂತಿದ್ದಳು.

"ನಂಗೆ ಬರಲ್ಲ ಅಂತ ಮೊದಲೇ ಡಿಸೈಡ್ ಮಾಡ್ಬಿಟ್ಟಿದ್ರಾ, ಆಂಟಿ?"

"ಹಂಗಲ್ಲವ್ವಾ, ನಿನಗ ಆರು ಬರ್ಲಿ ಅಂತ..."

"ಒಂದೇ ವಾರ ಹೇಳ್ಕೊಟ್ರಿ. ಆಮೇಲೆ ಲಿಸ್ಟ್ ಕೊಟ್ಬಿಟ್ರಿ." ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅವಳು ಹೇಳಿದ್ದು ನಿಜವಾಗಿತ್ತು. ನಾನು ಹೊರಗೇ ನಿಂತಿದ್ದೆ, ಮನೆಯವರು ಬಂದು ಚಹ ಆರಿಹೋಯಿತು ಎಂದು ಕರೆಯುವವರೆಗೂ.

ಮರುದಿನ ಮೇಷ್ಟ್ರನ್ನು ಕೇಳಿ ಸೈಕಲ್ ಚಪ್ಪರದ ಕೆಳಗೆ ಪಾಠ ಶುರು ಮಾಡಿದೆ, ನಾಲ್ವರಿಗೂ ಒಟ್ಟಿಗೆ. ಅಡುಗೆ ತರಗತಿಯ ಬಿಳಿ ಬೋರ್ಡನ್ನು ತಳ್ಳಿಕೊಂಡು ಬಂದೆ. ಮೊದಲ ದಿನ ಮೂವರೇ ಬಂದರು. ಎರಡನೇ ದಿನ ಅವಳೂ ಬಂದಳು, ಎಲ್ಲರಿಗಿಂತ ದೂರದ ಕುರ್ಚಿಯಲ್ಲಿ ಕೂತು, "ಮೆವ್ರೌ" ಎಂದೇ ಕರೆದಳು. ನನಗೆ ಚುರುಕ್ ಎಂದಿತು, ಆದರೆ ಪಾಠ ನಿಲ್ಲಿಸಲಿಲ್ಲ.

ಕೊಟ್ಟಿಗೆಯ ಮೂರು ಬಲ್ಬಿನ ಪ್ರಶ್ನೆಗೆ ಅವಳಿಗೆ ಪೂರ್ತಿ ಅಂಕ ಬಂದಿತ್ತಲ್ಲ, ನಾನು ಬೋರ್ಡಿನ ಮೇಲೆ ನಾಲ್ಕನೆಯ ಬಲ್ಬು ಬರೆದೆ. ಅವಳ ಪೆನ್ನು ನಿಂತೇಹೋಯಿತು. ಅವಳಿಗೆ ಏನೂ ತಿಳಿದಿರಲಿಲ್ಲ, ನಾನು ಬರೆದುಕೊಟ್ಟದ್ದನ್ನು ಹಾಗೆಹಾಗೇ ಇಳಿಸಿ ಬಂದಿದ್ದಳು. ಇಷ್ಟು ವರ್ಷ ನಾನು ದಡ ಹತ್ತಿಸಿದೆ ಎಂದುಕೊಂಡ ಮಕ್ಕಳಲ್ಲಿ ಎಷ್ಟು ಜನ ಹೀಗೇ ಹೋದರೋ. ಬಲ್ಬು, ತಂತಿ, ಬ್ಯಾಟರಿ, ಸುಳ್ಳು ಹೇಳದ ಏಳು ವೋಲ್ಟ್‌ಮೀಟರ್ ಎಲ್ಲವನ್ನೂ ಹೊರಗೆ ತಂದೆ. ಒಬ್ಬೊಬ್ಬರಿಗೂ ಒಂದೊಂದು ತಟ್ಟೆ. ಬಲ್ಬನ್ನು ತೆಗೆ, ಹಾಕು, ಇನ್ನೊಂದು ಸೇರಿಸು, ನೋಡು. ಹಾವೇರಿಯಲ್ಲಿ ಬೀರುವಿನೊಳಗೇ ಉಳಿದ ಪಾಠವನ್ನು ನಾನು ಆ ತಗಡಿನ ಚಪ್ಪರದ ಕೆಳಗೆ ಕಲಿಸಿದೆ. ಐದನೇ ದಿನ ಅವಳು ತಾನಾಗಿ ಕೈ ಎತ್ತಿ, "ಒಂದು ಆರಿದ್ರೂ ಮಿಕ್ಕಿದ್ದು ಯಾಕೆ ಆರಲ್ಲ?" ಎಂದು ಕೇಳಿದಳು. ಕನ್ನಡದಲ್ಲಿ ಕೇಳಿದ್ದು ಅವಳಿಗೇ ಗೊತ್ತಾಗಲಿಲ್ಲ. ಮಿಕ್ಕ ಮೂವರು ಮುಖ ಮುಖ ನೋಡಿಕೊಂಡು ನಕ್ಕರು, ಅವಳೂ ನಕ್ಕಳು. ಆಮೇಲೆ ಅರ್ಧ ಗಂಟೆ ಆ ಒಂದೇ ಪ್ರಶ್ನೆ.

ಪರೀಕ್ಷೆಯ ಬೆಳಿಗ್ಗೆ ಮೇಷ್ಟ್ರು ನನ್ನ ಮೇಜಿನ ಮೇಲೆ ಹೊಸ ಪ್ರಶ್ನೆಪತ್ರಿಕೆ ಇಟ್ಟರು. ಲಕೋಟೆಯಲ್ಲಿ ಹಾಕಿರಲಿಲ್ಲ. "ನಾಲ್ಕು ಪ್ರತಿ ಬೇಕು" ಎಂದು ಹೇಳಿ ಮಜ್ಜಿಗೆಯ ಲೋಟ ಹಿಡಿದು ಹೊರಟೇಹೋದರು. ಅಷ್ಟೆಲ್ಲ ಆದ ಮೇಲೂ ನನ್ನ ಕೈಗೇ ಕೊಟ್ಟರಲ್ಲ ಎಂದು ಕಣ್ಣು ತುಂಬಿ ಬಂತು. ಹಾಳೆಯನ್ನು ಬೋರಲು ಹಾಕಿ, ಮುಖ ಕಿಟಕಿಯ ಕಡೆ ತಿರುಗಿಸಿಕೊಂಡು ಜೆರಾಕ್ಸ್ ಮಾಡಿದೆ. ಹುಲ್ಲುಗಾವಲಿನಲ್ಲಿ ಯಾವ ಹಸು ಎಲ್ಲಿ ನಿಂತಿತ್ತು ಎಂದು ಈಗಲೂ ಹೇಳಬಲ್ಲೆ.

ಫಲಿತಾಂಶದ ದಿನ ನಾನು ಹಿತ್ತಿಲಲ್ಲಿ ಬಟ್ಟೆ ಒಣಹಾಕುವ ನೆಪದಲ್ಲಿ ಒಗೆಯದ ಬಟ್ಟೆಗಳನ್ನೂ ತಂತಿಗೆ ಹಾಕುತ್ತಿದ್ದೆ. ಸೈಕಲ್ಲಿನ ಸದ್ದಾಯಿತು. ಅವಳು ಓಡಿ ಬರಲಿಲ್ಲ, ನಡೆದು ಬಂದಳು. ಬೇಲಿಯ ಹತ್ತಿರ ನಿಂತು ಉತ್ತರಪತ್ರಿಕೆ ಚಾಚಿದಳು. ಮೂಲೆಯಲ್ಲಿ ಮೇಷ್ಟ್ರ ಕೈಬರಹದಲ್ಲಿ ಆರು ಪಾಯಿಂಟ್ ಮೂರು. ಒಳಗೆಲ್ಲ ಹೊಡೆದು ಹಾಕಿದ ಸಾಲುಗಳು, ಬಾಣದ ಗುರುತುಗಳು, ಒಂದು ಕಡೆ ಪೂರ್ತಿ ತಪ್ಪು ಮಾಡಿ ಪಕ್ಕದಲ್ಲಿ ಹೊಸದಾಗಿ ಮಾಡಿದ ಲೆಕ್ಕ.

"ಆರು ಬಂತಲ್ಲಽ!" ಎಂದು ಕಿರುಚಿದೆ. "ವಿಜ್ಞಾನ ಸಿಕ್ತು! ಉಳದವರದು?"

"ಎಲ್ಲಾರೂ ಪಾಸು, ಆಂಟಿ. ನಂಗಿಂತ ಜಾಸ್ತಿನೇ ಬಂದಿದೆ ಇಬ್ರಿಗೆ."

ಮತ್ತೆ ಆಂಟಿ ಆಗಿದ್ದೆ. ಖುಷಿಗೆ ಬಾಯಿ ಹಿಡಿತ ತಪ್ಪಿತು, ಕೇಳಬಾರದ್ದನ್ನು ಕೇಳಿಯೇಬಿಟ್ಟೆ. "ಒಂಬತ್ತೂಕಾಲು ಹೋತಲ್ಲ, ಹೊಟ್ಟಿ ಉರಿಯೂದಿಲ್ಲೇನಽ ನಿನಗ?"

ಅವಳು ಉತ್ತರಪತ್ರಿಕೆಯನ್ನು ನನ್ನ ಕೈಯಿಂದ ಹಿಂದಕ್ಕೆ ತಗೊಂಡು, ನಾಲ್ಕಾಗಿ ಮಡಚಿ, ಜೇಬಿನಲ್ಲಿಟ್ಟುಕೊಂಡಳು.

"ಅದು ನಿಮ್ಮ ಮಾರ್ಕ್ಸು, ಆಂಟಿ. ಇದು ನಂದು."